ಬೀಗದ ಗಣಿತಕ್ಕೆ ಬಾಡಿಗೆ ಯಾರಿಗೆ?

2025ರ ಜುಲೈ ತಿಂಗಳಿನಲ್ಲಿ ಭಾರತದ ಪೇಟೆಂಟ್ ಕಚೇರಿಯು ಕಂಪ್ಯೂಟರ್ ಸಂಬಂಧಿತ ಆವಿಷ್ಕಾರಗಳನ್ನು ಪರಿಶೀಲಿಸುವ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ ಹೊರಡಿಸಿತು. ಇಂತಹ ಸುದ್ದಿಯನ್ನು ಕಂಡೊಡನೆ ನಮ್ಮಲ್ಲಿ ಹೆಚ್ಚಿನವರು ಪುಟ ಮಗುಚುತ್ತೇವೆ. ಇದು ವಕೀಲರ ವಿಷಯ, ಎಂಜಿನಿಯರುಗಳ ವಿಷಯ, ನಮಗೇಕೆ ಎಂಬ ಭಾವನೆ. ಆದರೆ ಮುನಿರ್ಕಾದ ಡಿಡಿಎ ಫ್ಲ್ಯಾಟಿನಲ್ಲಿ ಕುಳಿತು ಧಾರವಾಡದಲ್ಲಿರುವ ತಾಯಿಯ ಖಾತೆಗೆ ಹಣ ಕಳುಹಿಸುವವರು, ಮಗಳ ಕಾಲೇಜು ಶುಲ್ಕವನ್ನು ಮೊಬೈಲಿನಲ್ಲಿಯೇ ಕಟ್ಟುವವರು, ಆಧಾರ್ ಯಂತ್ರದ ಮೇಲೆ ಬೆರಳಿಟ್ಟು ಗುರುತು ಹೇಳಿಕೊಳ್ಳುವ ಹಿರಿಯರು, ಇವರೆಲ್ಲರೂ ತಮಗೆ ತಿಳಿಯದೆಯೇ ದಿನವೂ ಬಳಸುತ್ತಿರುವುದು ಒಂದೇ ಬಗೆಯ ಗಣಿತವನ್ನು. ಆ ಗಣಿತಕ್ಕೆ ಒಡೆಯನೊಬ್ಬ ಇರಬಹುದೇ, ಇದ್ದರೆ ಅವನಿಗೆ ನಾವು ಬಾಡಿಗೆ ಕೊಡಬೇಕೇ ಎಂಬುದೇ ಈ ಮಾರ್ಗಸೂಚಿಯ ಹಿಂದೆ ಇರುವ ಹಳೆಯ ಪ್ರಶ್ನೆ. ಒಂದು ಬದಿಗೆ ಐಐಟಿ, ಇನ್ನೊಂದು ಬದಿಗೆ ಜೆಎನ್‌ಯು ಇಟ್ಟುಕೊಂಡು ಬದುಕುವ ನಮ್ಮ ಬಡಾವಣೆಗೆ ಈ ಪ್ರಶ್ನೆ ತೀರ ಪರಕೀಯವೇನೂ ಅಲ್ಲ. ಪೇಟೆಂಟ್ ಕಚೇರಿಯ ದೆಹಲಿ ಶಾಖೆ ಇರುವುದೂ ದ್ವಾರಕಾದಲ್ಲಿಯೇ.

ಈ ಲೇಖಕ ಕಲಾ ಪದವೀಧರ. ಗಣಿತವನ್ನು ಹತ್ತನೆಯ ತರಗತಿಗೇ ಮುಗಿಸಿದವನು. ಬ್ಯಾಂಕಿನ ಉದ್ಯೋಗದಲ್ಲಿ ಮೂರು ದಶಕ ಕಳೆದ ಮೇಲೆ ಗೂಢಲಿಪಿಯ ವಿಷಯದಲ್ಲಿ ಅಷ್ಟಿಷ್ಟು ತಿಳಿವಳಿಕೆ ತಾನಾಗಿ ಬಂದಿದೆ. ಓದುಗರಿಗೂ ಅಷ್ಟು ಸಾಕು.

ಗೂಢಲಿಪಿ ಎಂದರೆ ಬೀಗ. ಹಳೆಯ ಕಾಲದ ಬೀಗಕ್ಕೆ ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕೀಲಿ. ಅದನ್ನು ಇಬ್ಬರೂ ಮೊದಲೇ ಗುಟ್ಟಾಗಿ ಹಂಚಿಕೊಂಡಿರಬೇಕು. ಎಂದೂ ಮುಖ ನೋಡದ ಗ್ರಾಹಕನಿಗೂ ಬ್ಯಾಂಕಿಗೂ ಇದು ಅಸಾಧ್ಯ. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬವರು ಇದಕ್ಕೆ ದಾರಿ ತೋರಿಸಿದರು. ಅವರು ಸೂಚಿಸಿದ ವ್ಯವಸ್ಥೆಯನ್ನು ನಮ್ಮ ದೇವಸ್ಥಾನದ ಹುಂಡಿಗೆ ಹೋಲಿಸಬಹುದು. ಹುಂಡಿಯ ಬಾಯಿ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಕಾಣಿಕೆ ಹಾಕಬಹುದು. ತೆಗೆಯುವ ಕೀಲಿ ಮಾತ್ರ ಧರ್ಮದರ್ಶಿಗಳ ಬಳಿ. ಬ್ಯಾಂಕು ತನ್ನ ಹುಂಡಿಯನ್ನು ಲೋಕಕ್ಕೆಲ್ಲ ತೋರಿಸುತ್ತದೆ, ನಾವು ನಮ್ಮ ಗುಟ್ಟನ್ನು ಅದರೊಳಗೆ ಹಾಕುತ್ತೇವೆ.

ಆ ಹುಂಡಿಯನ್ನು ಸಮರ್ಪಕವಾಗಿ ಕಟ್ಟಿದವರು 1977ರಲ್ಲಿ ಎಂಐಟಿಯ ರೊನಾಲ್ಡ್ ರಿವೆಸ್ಟ್, ಆದಿ ಶಮೀರ್ ಮತ್ತು ಲಿಯೊನಾರ್ಡ್ ಏಡಲ್‌ಮನ್. ಮೂವರ ಹೆಸರಿನ ಮೊದಲಕ್ಷರಗಳಿಂದ ಅದು ಆರ್‌ಎಸ್‌ಎ ಎನಿಸಿಕೊಂಡಿತು. ಅದರ ತಿರುಳು ಶಾಲೆಯ ಮಗುವಿಗೂ ತಿಳಿಯುವಂಥದು. 97ನ್ನು 89ರಿಂದ ಗುಣಿಸಿರೆಂದರೆ ಯಾರಾದರೂ 8633 ಎಂದು ಹೇಳುತ್ತಾರೆ. 8633 ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಅರ್ಧ ತಾಸು ಬೇಕು. ಇಂದು ಬ್ಯಾಂಕುಗಳು ಬಳಸುವ ಇಂತಹ ಸಂಖ್ಯೆಯಲ್ಲಿ 617 ಅಂಕಿಗಳಿರುತ್ತವೆ. ಅದನ್ನು ಒಡೆಯುವುದು ಇಂದಿನ ಕಂಪ್ಯೂಟರುಗಳಿಗೆ ಆಗದ ಕೆಲಸ.

ಇಷ್ಟು ಸರಳವಾದ ಅಂಶಕ್ಕೆ ಪೇಟೆಂಟ್ ಸಿಕ್ಕಿತು! 1977ರ ಡಿಸೆಂಬರಿನಲ್ಲಿ ಸಲ್ಲಿಸಿದ ಅರ್ಜಿಗೆ 1983ರ ಸೆಪ್ಟೆಂಬರ್ 20ರಂದು ಅಮೆರಿಕದ ಪೇಟೆಂಟ್ ದೊರೆಯಿತು. ಪೇಟೆಂಟಿನ ಒಡೆತನ ಎಂಐಟಿಯದು, ಅದನ್ನು ಮಾರುಕಟ್ಟೆಗೆ ತಂದದ್ದು ಆ ಮೂವರು ಸ್ಥಾಪಿಸಿದ ಕಂಪನಿ. ಡಿಫಿ ಮತ್ತು ಹೆಲ್‌ಮನ್ನರ ವಿಧಾನಕ್ಕೆ 1980ರಲ್ಲಿಯೇ ಪೇಟೆಂಟ್ ದೊರೆತಿತ್ತು. ಮುಂದೆ ಎರಡೂ ಕಡೆಯ ಹಕ್ಕುಗಳು 1990ರಲ್ಲಿ ಒಂದೇ ಸಂಸ್ಥೆಯ ಕೈಸೇರಿದವು. ಅಂದಿನಿಂದ ಅಮೆರಿಕದಲ್ಲಿ ಸಾರ್ವಜನಿಕ ಕೀಲಿಯ ಗೂಢಲಿಪಿಯನ್ನು ಬಳಸಬೇಕಾದವರು ಒಂದೇ ಬಾಗಿಲಿಗೆ ಹೋಗಿ ಪರವಾನಗಿ ಪಡೆಯಬೇಕಾಯಿತು. ಇದರಲ್ಲಿ ಒಂದು ವಿಪರ್ಯಾಸವಿದೆ. ಬ್ರಿಟನ್ನಿನ ಸರ್ಕಾರಿ ಗುಪ್ತಲಿಪಿ ಇಲಾಖೆಯ ಕ್ಲಿಫರ್ಡ್ ಕಾಕ್ಸ್ ಎಂಬ ತರುಣ ಗಣಿತಜ್ಞ ಇದೇ ಉಪಾಯವನ್ನು 1973ರಲ್ಲಿಯೇ ಕಂಡುಹಿಡಿದಿದ್ದ. ಸರ್ಕಾರವು ಅದನ್ನು 1997ರ ತನಕ ಮುಚ್ಚಿಟ್ಟಿತು. ಹೀಗಾಗಿ ಮೊದಲು ಕಂಡವನಿಗೆ ಹೆಸರೂ ಇಲ್ಲ, ಹಣವೂ ಇಲ್ಲ.

ಭಾರತಕ್ಕೆ ಇದರಿಂದ ಏನಾಯಿತು? ಇಲ್ಲಿ ನಮಗೆ ಅದೃಷ್ಟ ಒಲಿಯಿತೆಂದೇ ಹೇಳಬೇಕು. ಅರ್ಜಿ ಸಲ್ಲಿಸುವ ಮೊದಲೇ, 1977ರ ಆಗಸ್ಟಿನಲ್ಲಿ, 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್‌ನರ್ ಆರ್‌ಎಸ್‌ಎಯನ್ನು ಲೋಕಕ್ಕೆಲ್ಲ ಪರಿಚಯಿಸಿಬಿಟ್ಟಿದ್ದರು. ಅಮೆರಿಕದ ಕಾನೂನು ಪ್ರಕಟಣೆಯ ನಂತರವೂ ಒಂದು ವರ್ಷದ ಅವಕಾಶ ಕೊಡುತ್ತದೆ. ಬೇರೆ ಹೆಚ್ಚಿನ ದೇಶಗಳಲ್ಲಿ ಪ್ರಕಟವಾದದ್ದಕ್ಕೆ ಪೇಟೆಂಟ್ ಇಲ್ಲ. ಒಂದು ಪತ್ರಿಕೆಯ ಮನರಂಜನೆಯ ಗಣಿತದ ಅಂಕಣವು ಅಮೆರಿಕದ ಹೊರಗಿನ ಪ್ರಪಂಚವನ್ನು ರಾಯಧನದಿಂದ ಪಾರುಮಾಡಿತು. ಆಸ್ಟ್ರೇಲಿಯದಲ್ಲಿ ಎರಿಕ್ ಯಂಗ್ ಮತ್ತು ಸಂಗಡಿಗರು 1995ರಿಂದ ಬರೆದ ಉಚಿತ ತಂತ್ರಾಂಶವೇ ಮುಂದೆ 1998ರಲ್ಲಿ 'ಓಪನ್ ಎಸ್‌ಎಸ್‌ಎಲ್' ಆಗಿ ಬೆಳೆದು, ಇಂದು ಅಸಂಖ್ಯ ಜಾಲತಾಣಗಳ ಬೀಗವಾಗಿದೆ. ಅದು ಪೇಟೆಂಟಿನ ಗಡಿಯಾಚೆ ಹುಟ್ಟಿದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆರ್‌ಎಸ್‌ಎ ಪೇಟೆಂಟಿನ ಅವಧಿ ಮುಗಿದದ್ದು 2000ದ ಸೆಪ್ಟೆಂಬರ್ 20ರಂದು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 17ರಂದು. ಆ ಕಾಯಿದೆಯ ಡಿಜಿಟಲ್ ಸಹಿಯ ನಿಯಮಗಳಲ್ಲಿ ಆರ್‌ಎಸ್‌ಎ ಹೆಸರು ಹಿಡಿದೇ ಬಂದಿದೆ. 2001ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಅಂತರ್ಜಾಲ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್‌ಗಳ ಬೀಗ ಇರಬೇಕೆಂದು ವಿಧಿಸಿತು. ಅದಕ್ಕೆ ಸ್ವಲ್ಪ ಮೊದಲು, 2000ದ ಜನವರಿಯವರೆಗೆ, ಅಮೆರಿಕವು 40 ಬಿಟ್‌ಗಳ ದುರ್ಬಲ ಬೀಗವನ್ನಷ್ಟೇ ಸಾಮಾನ್ಯವಾಗಿ ಹೊರದೇಶಗಳಿಗೆ ಕಳುಹಿಸಲು ಬಿಡುತ್ತಿತ್ತು. ಅಂದರೆ ಪೇಟೆಂಟಿನ ಬೇಲಿಯೂ ರಫ್ತಿನ ಬೇಲಿಯೂ ಒಂದೇ ವರ್ಷ ಬಿದ್ದವು. ನಮ್ಮ ಬ್ಯಾಂಕುಗಳು ಸರಿಯಾದ ಹೊತ್ತಿಗೆ ಒಳಹೊಕ್ಕವು.

ಬೇಲಿ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ನಮ್ಮ ಮನೆಯ ಮೂಲೆಯಲ್ಲಿ ಮಿನುಗುವ ವೈಫೈ ಪೆಟ್ಟಿಗೆಯನ್ನೇ ನೋಡಿ. ಅದರ ಭದ್ರತೆಯ ಮಾನದಂಡ ರೂಪುಗೊಳ್ಳುತ್ತಿದ್ದಾಗ ಫಿಲಿಪ್ ರೊಗವೆ ಎಂಬ ವಿದ್ವಾಂಸರ 'ಒಸಿಬಿ' ವಿಧಾನವು ಪರಿಶೀಲನೆಯಲ್ಲಿತ್ತು. ಅದು ವೇಗವಾದದ್ದೂ ಅಚ್ಚುಕಟ್ಟಾದದ್ದೂ ಆಗಿತ್ತು. ಅದರ ಮೇಲೆ ಪೇಟೆಂಟುಗಳಿದ್ದುದರಿಂದ ಮಾನದಂಡದವರು ಅದನ್ನು ಬದಿಗಿಟ್ಟು, ನಿಧಾನವಾದರೂ ಮುಕ್ತವಾದ ಇನ್ನೊಂದನ್ನು ಆರಿಸಿದರು. ರೊಗವೆಯವರೇ 2021ರಲ್ಲಿ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ಊರಿಗೆಲ್ಲ ಬೇರೆ ಬೀಗ ಹಂಚಿಯಾಗಿತ್ತು. ದೀರ್ಘವೃತ್ತ ವಕ್ರರೇಖೆಗಳ ಗೂಢಲಿಪಿಯ ಕಥೆಯೂ ಇಂಥದೇ. 1985ರಲ್ಲಿ ಹುಟ್ಟಿದ ಆ ವಿಧಾನದ ಸುತ್ತ ಕೆನಡಾದ ಸರ್ಟಿಕಾಮ್ ಕಂಪನಿ ಪೇಟೆಂಟುಗಳ ಕೋಟೆ ಕಟ್ಟಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯೇ ಅದರ 26 ಪೇಟೆಂಟುಗಳ ಪರವಾನಗಿಗಾಗಿ 2 ಕೋಟಿ 50 ಲಕ್ಷ ಡಾಲರ್ ತೆರಬೇಕಾಯಿತು.

ಇದಕ್ಕೆ ವ್ಯತಿರಿಕ್ತವಾದದ್ದು ಎಇಎಸ್. 1997ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆಯು ಹೊಸ ಬೀಗಕ್ಕಾಗಿ ಜಗತ್ತನ್ನೇ ಸ್ಪರ್ಧೆಗೆ ಕರೆಯಿತು. ಗೆದ್ದವರು ರಾಯಧನ ಕೇಳಬಾರದೆಂಬುದು ಷರತ್ತು. ಗೆದ್ದವರು ಬೆಲ್ಜಿಯಮ್ಮಿನ ಇಬ್ಬರು, ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್. 2001ರಲ್ಲಿ ಮಾನದಂಡವಾದ ಅವರ ವಿಧಾನವು ಇಂದು ನಮ್ಮ ಆಧಾರ್ ವ್ಯವಸ್ಥೆಯ ಒಳಗೂ ಇದೆ. ನಾವು ಬೆರಳೊತ್ತಿದಾಗ ಆ ವಿವರವು 256 ಬಿಟ್‌ಗಳ ಎಇಎಸ್ ಬೀಗದಲ್ಲಿ ಸೇರುತ್ತದೆ. ಆ ಬೀಗದ ಕೀಲಿಯು ಪ್ರಾಧಿಕಾರದ 2048 ಬಿಟ್‌ಗಳ ಆರ್‌ಎಸ್‌ಎ ಹುಂಡಿಯೊಳಗೆ ಬೀಳುತ್ತದೆ. ನೂರು ಕೋಟಿಗೂ ಹೆಚ್ಚು ಜನರ ಗುರುತಿನ ವ್ಯವಸ್ಥೆಯಿದು. ಒಂದೊಂದು ಬೆರಳೊತ್ತಿಗೆ ಒಂದು ಪೈಸೆಯ ರಾಯಧನವಿದ್ದಿದ್ದರೆ ಎಷ್ಟಾಗುತ್ತಿತ್ತೆಂದು ಬ್ಯಾಂಕಿನವನ ಮನಸ್ಸು ಲೆಕ್ಕಹಾಕದೆ ಬಿಡುವುದಿಲ್ಲ.

ಇನ್ನು ನನ್ನ ಕಸುಬಿಗೆ ತೀರ ಹತ್ತಿರದ ವಿಷಯಕ್ಕೆ ಬರುತ್ತೇನೆ. 2008ರ ಫೆಬ್ರುವರಿ 1ರಂದು ರಿಸರ್ವ್ ಬ್ಯಾಂಕು ಚೆಕ್ಕುಗಳನ್ನು ಮೊಟಕುಗೊಳಿಸುವ ವ್ಯವಸ್ಥೆಯನ್ನು ಇಡೀ ದೇಶದಲ್ಲಿ ಮೊದಲಿಗೆ ನಮ್ಮ ರಾಜಧಾನಿ ವಲಯದಲ್ಲಿಯೇ ಪ್ರಾಯೋಗಿಕವಾಗಿ ಆರಂಭಿಸಿತು. ಅಲ್ಲಿಯ ತನಕ ಚೆಕ್ಕುಗಳು ಚೀಲದಲ್ಲಿ ಕ್ಲಿಯರಿಂಗ್ ಹೌಸಿಗೆ ಹೋಗಿ ಬರುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಕಾಗದವು ಹಾಕಿದ ಬ್ಯಾಂಕಿನಲ್ಲಿಯೇ ಉಳಿಯುತ್ತದೆ. ಅದರ ಚಿತ್ರ ಮಾತ್ರ ಡಿಜಿಟಲ್ ಸಹಿ ಹೊತ್ತು, ಗೂಢಲಿಪಿಯಲ್ಲಿ ಮುಚ್ಚಿಕೊಂಡು ಪ್ರಯಾಣ ಮಾಡುತ್ತದೆ. ಕ್ಲಿಯರಿಂಗ್ ವಿಭಾಗದ ಹಿರಿಯರು ಮೊದಮೊದಲು ಆ ಸ್ಕ್ಯಾನರನ್ನು ಅನುಮಾನದಿಂದಲೇ ನೋಡಿದರು. ಚೆಕ್ಕನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಹಿಡಿದು ನೋಡಿದವರಿಗೆ ಚಿತ್ರದ ಮೇಲೆ ಹಣ ಕೊಡುವುದೆಂದರೆ ಸುಲಭವೇ? ಕ್ರಮೇಣ ಎಲ್ಲರೂ ಹೊಂದಿಕೊಂಡರು.

ಅದೇ ವರ್ಷಗಳಲ್ಲಿ ಅಮೆರಿಕದ ಬ್ಯಾಂಕುಗಳು ಇದೇ ಕೆಲಸಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವು. ಅಲ್ಲಿ ಡೇಟಾ ಟ್ರೆಷರಿ ಎಂಬ ಕಂಪನಿಯ ಬಳಿ ಕ್ಲಾಡಿಯೊ ಬ್ಯಾಲಾರ್ಡ್ ಎಂಬವರ ಹೆಸರಿನಲ್ಲಿ 1999 ಮತ್ತು 2000ದಲ್ಲಿ ದೊರೆತ ಎರಡು ಪೇಟೆಂಟುಗಳಿದ್ದವು. ಕಾಗದದ ವ್ಯವಹಾರದ ಚಿತ್ರ ತೆಗೆಯುವುದು, ಅದನ್ನು ಗೂಢಲಿಪಿಗೆ ತಿರುಗಿಸುವುದು, ದೂರದ ಕೇಂದ್ರಕ್ಕೆ ಕಳುಹಿಸಿ ಸಂಗ್ರಹಿಸಿಡುವುದು ಇವುಗಳ ಸಾರ. ಬಿಡಿಬಿಡಿಯಾಗಿ ಇವುಗಳಲ್ಲಿ ಒಂದೂ ಹೊಸದಲ್ಲ. ಆದರೂ ಆ ಕಂಪನಿಯು ದೊಡ್ಡ ಬ್ಯಾಂಕುಗಳ ಮೇಲೆ ಸಾಲು ಸಾಲಾಗಿ ದಾವೆ ಹೂಡಿತು. ಹಲವರು ರಾಜಿಯಾಗಿ ಹಣ ಕೊಟ್ಟು ಪರವಾನಗಿ ಪಡೆದರು. ರಾಜಿಗೆ ಒಪ್ಪದ ಯುಎಸ್ ಬ್ಯಾಂಕಿನ ವಿರುದ್ಧ 2010ರಲ್ಲಿ ಟೆಕ್ಸಾಸಿನ ತೀರ್ಪುಗಾರರ ಮಂಡಳಿಯು ಎರಡೂವರೆ ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರವನ್ನು ಘೋಷಿಸಿತು. ಕೊನೆಗೆ 2015ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯ ವಿಚಾರಣಾ ಮಂಡಳಿಯೇ ಆ ಪೇಟೆಂಟುಗಳು ನಿಲ್ಲುವಂಥವಲ್ಲವೆಂದು ಹೇಳಿತು. ಆದರೆ ಕೊಟ್ಟ ಹಣ ಕೊಟ್ಟಂತೆಯೇ. ಅದನ್ನು ಬ್ಯಾಂಕುಗಳು ತಮ್ಮ ಜೇಬಿನಿಂದ ಕೊಡುವುದಿಲ್ಲ ಎಂಬುದನ್ನು ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರೂ ಬಲ್ಲರು; ಸೇವಾಶುಲ್ಕ ಎಂಬ ಶಬ್ದ ಹುಟ್ಟಿರುವುದೇ ಇದಕ್ಕಾಗಿ.

ದೆಹಲಿಯ ಬ್ಯಾಂಕುಗಳಿಗೆ ಇಂತಹ ನೋಟೀಸು ಬರದಿರಲು ಕಾರಣವೇನು? ಪೇಟೆಂಟ್ ಎಂಬುದು ದೇಶದ ಗಡಿಯೊಳಗಿನ ಹಕ್ಕು ಎಂಬುದು ಮೊದಲ ಕಾರಣ. ಎರಡನೆಯದು ನಮ್ಮ 1970ರ ಪೇಟೆಂಟ್ ಕಾಯಿದೆಯ 3(ಕೆ) ಕಲಂ. ಗಣಿತದ ವಿಧಾನ, ವ್ಯಾಪಾರದ ವಿಧಾನ, ಕೇವಲ ಕಂಪ್ಯೂಟರ್ ಕಾರ್ಯಕ್ರಮ ಮತ್ತು ಅಲ್ಗಾರಿದಮ್ ಇವು ಆವಿಷ್ಕಾರಗಳಲ್ಲವೆಂದು ಅದು ಹೇಳುತ್ತದೆ. 2002ರ ತಿದ್ದುಪಡಿಯಿಂದ ಬಂದ ಈ ಕಲಂ 2003ರ ಮೇ ತಿಂಗಳಿನಿಂದ ಜಾರಿಯಲ್ಲಿದೆ.

ಇದು ಉಳಿದುಕೊಂಡ ಬಗೆಯನ್ನು ನಾವು ಮರೆಯಬಾರದು. 2004ರ ಡಿಸೆಂಬರಿನ ಕೊನೆಯ ವಾರ, ವಿಶ್ವ ವ್ಯಾಪಾರ ಸಂಸ್ಥೆಯ ಗಡುವು ಮುಗಿಯುವ ಮುನ್ನ, ಕೇಂದ್ರ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. ಎಲ್ಲರ ಗಮನವೂ ಔಷಧಿಗಳ ಬೆಲೆಯ ಕಡೆಗಿತ್ತು. ಅದೇ ಸುಗ್ರೀವಾಜ್ಞೆಯಲ್ಲಿ 3(ಕೆ) ಕಲಮನ್ನು ಒಡೆದು, ಕಂಪ್ಯೂಟರ್ ಕಾರ್ಯಕ್ರಮವನ್ನು ಉದ್ಯಮಕ್ಕೆ ಅನ್ವಯಿಸಿದರೆ ಅಥವಾ ಯಂತ್ರದೊಂದಿಗೆ ಜೋಡಿಸಿದರೆ ಪೇಟೆಂಟ್ ಕೊಡಬಹುದೆಂಬ ಬಾಗಿಲನ್ನು ತೆರೆಯಲಾಗಿತ್ತು. ಯಂತ್ರದೊಂದಿಗೆ ಜೋಡಿಸದ ಕಂಪ್ಯೂಟರ್ ಕಾರ್ಯಕ್ರಮ ಎಲ್ಲಿದೆ? 2005ರ ಮಾರ್ಚಿನಲ್ಲಿ ಮಸೂದೆ ಸಂಸತ್ತಿಗೆ ಬಂದಾಗ ಎಡಪಕ್ಷಗಳ ಒತ್ತಾಯದಿಂದ ಆ ಭಾಗವನ್ನು ಕೈಬಿಡಲಾಯಿತು, ಹಳೆಯ ಕಲಂ ಮರಳಿ ಬಂತು. ಅದಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ, ಜುಲೈ 6ರಂದು ಯುರೋಪಿನ ಸಂಸತ್ತೂ ಇಂಥದೇ ಪ್ರಸ್ತಾಪವನ್ನು 14ರ ವಿರುದ್ಧ 648 ಮತಗಳಿಂದ ತಳ್ಳಿಹಾಕಿತು. ನಮ್ಮ ಸಂಸತ್ತಿನ ಬಗ್ಗೆ ಆಡಿಕೊಳ್ಳುವುದು ದೆಹಲಿಯ ಸಂಜೆಯ ಚಹಾದೊಡನೆ ಬಂದ ಅಭ್ಯಾಸ. ಈ ಒಂದು ಸಂಗತಿಯಲ್ಲಿ ಅದು ಯುರೋಪಿಗಿಂತ ಮುಂಚಿತವಾಗಿ ಎಚ್ಚೆತ್ತಿತ್ತು.

ಮುಂಬಾಗಿಲಿನಿಂದ ಬರಲಾಗದ್ದು ಪಕ್ಕದ ಬಾಗಿಲಿನಿಂದ ಬರಬಹುದು. 'ಕೇವಲ' ಎಂಬ ಒಂದು ಶಬ್ದದ ಅರ್ಥವೇನು ಎಂಬುದರ ಮೇಲೆ ಇಪ್ಪತ್ತು ವರ್ಷಗಳಿಂದ ವಾದ ನಡೆದಿದೆ. ಪೇಟೆಂಟ್ ಕಚೇರಿಯೇ 2015ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ ಆಕ್ಷೇಪಣೆ ಬಂದಾಗ ತಡೆಹಿಡಿದು, 2016ರಲ್ಲಿ ಇನ್ನೊಂದನ್ನು, 2017ರಲ್ಲಿ ಮತ್ತೊಂದನ್ನು ತಂದಿತು. 2019ರ ಡಿಸೆಂಬರಿನಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು, ಕಂಪ್ಯೂಟರ್ ಕಾರ್ಯಕ್ರಮವು ತಾಂತ್ರಿಕ ಪರಿಣಾಮವನ್ನು ತೋರಿಸಿದರೆ ಅದು 'ಕೇವಲ' ಕಾರ್ಯಕ್ರಮವಾಗಿ ಉಳಿಯುವುದಿಲ್ಲವೆಂಬ ನಿಲುವನ್ನು ತಳೆದರು. 2023ರ ಮೇ ತಿಂಗಳಿನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದದ್ದು ಗೂಢಲಿಪಿಗೆ ಇನ್ನೂ ಹತ್ತಿರದ ವಿಷಯ. ಜಾಲತಾಣದ ಒಳಭಾಗಗಳಿಗೆ ಬಳಕೆದಾರನನ್ನು ದೃಢೀಕರಿಸಿ ಬಿಡುವ ಮೈಕ್ರೋಸಾಫ್ಟ್ ಕಂಪನಿಯ ವಿಧಾನವನ್ನು ಪೇಟೆಂಟ್ ಕಚೇರಿ 3(ಕೆ) ಅಡಿಯಲ್ಲಿ ತಿರಸ್ಕರಿಸಿತ್ತು; ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿತು.

ನ್ಯಾಯಾಲಯದ ತರ್ಕವನ್ನು ಅಲ್ಲಗಳೆಯುವ ಯೋಗ್ಯತೆ ನನಗಿಲ್ಲ. ಕಾಯಿದೆಯ ಓದುಗನಾಗಿ ಒಂದು ಮಾತನ್ನು ಮಾತ್ರ ಹೇಳಬಹುದು. 'ಕೇವಲ' ಎಂಬ ವಿಶೇಷಣ ಆ ಕಲಮಿನಲ್ಲಿ ಕಂಪ್ಯೂಟರ್ ಕಾರ್ಯಕ್ರಮಕ್ಕೆ ಅಂಟಿಕೊಂಡಿದೆ, ಗಣಿತದ ವಿಧಾನಕ್ಕಾಗಲಿ ಅಲ್ಗಾರಿದಮ್ಮಿಗಾಗಲಿ ಅಂಟಿಲ್ಲ. ಗೂಢಲಿಪಿಯೋ ಅಪ್ಪಟ ಗಣಿತ. ಅದಕ್ಕೆ ಬೇಕಾದ 'ತಾಂತ್ರಿಕ ಪರಿಣಾಮ'ವನ್ನು ತೋರಿಸುವುದು ಚತುರ ವಕೀಲನಿಗೆ ಎಷ್ಟು ಹೊತ್ತಿನ ಕೆಲಸ? ಭದ್ರತೆ ಹೆಚ್ಚಿತು, ಹೊತ್ತು ಉಳಿಯಿತು ಎಂದರೆ ಆಯಿತು. ಪ್ರತಿಯೊಂದು ಒಳ್ಳೆಯ ಗೂಢಲಿಪಿಯೂ ಈ ಎರಡನ್ನು ಮಾಡಿಯೇ ಮಾಡುತ್ತದೆ.

ಮುನಿರ್ಕಾದಲ್ಲಿಯೇ ಬಾಡಿಗೆಗೆ ಇರುವ, ಗುರುಗ್ರಾಮದಲ್ಲಿ ಕೆಲಸ ಮಾಡುವ ನಮ್ಮ ಹಾಸನದ ಕಡೆಯ ತರುಣನೊಬ್ಬ ಈ ವಾದವನ್ನು ಒಪ್ಪುವುದಿಲ್ಲ. "ಅಲ್ಲ ಸಾರ್, ಎರಡು ವರ್ಷ ಕೂತು ಯೋಚನೆ ಮಾಡಿದವನಿಗೆ ಏನು ಸಿಗುತ್ತೆ? ನಾಳೆ ದೊಡ್ಡ ಕಂಪನಿಯವರು ಹಾಗೇ ಎತ್ಕೊಂಡು ಹೋಗ್ತಾರೆ" ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಪೇಟೆಂಟ್ ಇಲ್ಲದಿದ್ದರೆ ಆರ್‌ಎಸ್‌ಎಯ ಮೂವರು ಕಂಪನಿ ಕಟ್ಟುತ್ತಿದ್ದರೋ ಇಲ್ಲವೋ. ಆ ಕಂಪನಿ ಇಲ್ಲದಿದ್ದರೆ ವ್ಯಾಪಾರ ಲೋಕವು ಗೂಢಲಿಪಿಯನ್ನು ಅಷ್ಟು ಬೇಗ ನಂಬುತ್ತಿತ್ತೋ ಇಲ್ಲವೋ. ನಾನು ಅವನಿಗೆ ಹೇಳಿದ್ದು ಇಷ್ಟು: ಬೀಗ ಮಾಡುವವನಿಗೆ ಪೇಟೆಂಟ್ ಇರಲಿ, ಹೊಸ ಬಗೆಯ ಚಿಪ್ಪಿಗೆ ಇರಲಿ, ಬರೆದ ತಂತ್ರಾಂಶಕ್ಕೆ ಕೃತಿಸ್ವಾಮ್ಯ ಇದ್ದೇ ಇದೆ. ಗುಣಾಕಾರಕ್ಕೆ ಬೇಡ. ಮೇಲಾಗಿ ಗೂಢಲಿಪಿಯ ಗುಣ ವಿಚಿತ್ರವಾದದ್ದು. ಸಾವಿರ ಜನ ಅದನ್ನು ಮುರಿಯಲು ಯತ್ನಿಸಿ ಸೋತ ಮೇಲೆಯೇ ಅದಕ್ಕೆ ಬೆಲೆ. ಆ ಸಾವಿರ ಜನರ ದುಡಿಮೆಗೆ ಪೇಟೆಂಟ್ ಯಾರ ಹೆಸರಿನಲ್ಲಿಯೂ ಇಲ್ಲ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸುವ ವಿಧಾನವನ್ನು ಕಂಡುಹಿಡಿದು ಯಾವ ಬೇಲಿಯೂ ಇಲ್ಲದೆ ಪ್ರಕಟಿಸಿದರು. ಇಡೀ ಜಗತ್ತು ತಲೆದೂಗಿತು. ತರುಣ ನಕ್ಕು, "ಅವರಿಗೆ ಸಂಬಳ ಕೊಡೋದು ಸರ್ಕಾರ ಸಾರ್" ಎಂದ. ಅದಕ್ಕೆ ನನ್ನ ಬಳಿ ಪೂರ್ಣ ಉತ್ತರವಿರಲಿಲ್ಲ.

ಗೂಢಲಿಪಿಯ ಮೇಲೆ ಒಡೆತನ ಬಯಸುವವರು ಕಂಪನಿಗಳು ಮಾತ್ರವಲ್ಲ, ಸರ್ಕಾರಗಳೂ ಹೌದು. 2015ರ ಸೆಪ್ಟೆಂಬರಿನಲ್ಲಿ ಹೊರಬಂದು, ನಾಗರಿಕರು ತಮ್ಮ ಸಂದೇಶಗಳ ಮೂಲಪಾಠವನ್ನು 90 ದಿನ ಇಟ್ಟುಕೊಳ್ಳಬೇಕೆಂದು ಹೇಳಿ, ಟೀಕೆಗೆ ಬೆದರಿ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋದ ರಾಷ್ಟ್ರೀಯ ಕರಡು ನೀತಿಯನ್ನು ಓದುಗರು ಮರೆತಿರಲಾರರು. ಅದು ಬೇರೆಯೇ ಲೇಖನದ ವಿಷಯ.

ಈಗ ಈ ಹಳೆಯ ಜಗಳ ಮತ್ತೆ ಏಳಲು ಕಾರಣ ಕ್ವಾಂಟಮ್ ಕಂಪ್ಯೂಟರ್. ಅದು ಬಲಿತ ದಿನ ಆರ್‌ಎಸ್‌ಎ ಹುಂಡಿಯ ಬೀಗ ಸಡಿಲವಾಗುತ್ತದೆ. ಅದಕ್ಕೆ ಮುಂಚಿತವಾಗಿ ಜಗತ್ತಿನ ಬೀಗಗಳನ್ನೆಲ್ಲ ಬದಲಿಸಬೇಕು. ಅಮೆರಿಕದ ಮಾನದಂಡ ಸಂಸ್ಥೆಯು 2022ರ ಜುಲೈನಲ್ಲಿ 'ಕೈಬರ್' ಎಂಬ ಹೊಸ ವಿಧಾನವನ್ನು ಆರಿಸಿತು. ಮೊದಲೇ ರಾಯಧನರಹಿತ ಸ್ಪರ್ಧೆಯ ಪಾಠ ಕಲಿತಿದ್ದ ಆ ಸಂಸ್ಥೆಗೂ ಈ ಬಾರಿ ತೊಡಕು ತಪ್ಪಲಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಮತ್ತು ಜಿನ್‌ತಾಯ್ ಡಿಂಗ್ ಎಂಬ ಗಣಿತಜ್ಞರು ಕೈಬರ್‌ಗೆ ತಾಗುವ ಪೇಟೆಂಟುಗಳನ್ನು ಹಿಡಿದಿದ್ದರು. ವರ್ಷಾಂತ್ಯದೊಳಗೆ ಒಪ್ಪಂದವಾಗದಿದ್ದರೆ ಬೇರೆ ವಿಧಾನವನ್ನು ನೋಡಬೇಕಾದೀತು ಎಂದು ಸಂಸ್ಥೆ ಬಹಿರಂಗವಾಗಿಯೇ ಹೇಳಿತು. ಪರವಾನಗಿಯ ಒಪ್ಪಂದಗಳು ಆದವು, 2024ರ ಆಗಸ್ಟ್ 13ರಂದು ಮಾನದಂಡ ಪ್ರಕಟವಾಯಿತು. ಒಂದು ಸರ್ಕಾರವು ಸಂಧಾನಕ್ಕೆ ಕುಳಿತದ್ದರಿಂದ ಲೋಕಕ್ಕೆ ಬೀಗ ದೊರೆಯಿತು. ಆದರೆ ಅಂತಹ ಪರವಾನಗಿ ಪ್ರಕಟವಾದ ಮಾನದಂಡಕ್ಕೆ ಹೊಂದಿಕೊಂಡದ್ದು. ನಾವು ನಮ್ಮದೇ ಮಾರ್ಪಾಡು ಮಾಡಿಕೊಂಡು ಹೊಸ ಬೀಗ ಕಟ್ಟಹೊರಟರೆ ಅದೇ ರಕ್ಷಣೆ ಇರುತ್ತದೆಂದು ನಂಬಿ ಕೂರುವಂತಿಲ್ಲ.

ನಮ್ಮ ಕಡೆಯೂ ಕೆಲಸ ನಡೆದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟವು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಕ್ಯೂನು ಲ್ಯಾಬ್ಸ್‌ನಂತಹ ಕಂಪನಿಗಳು ಕ್ವಾಂಟಮ್ ಕೀಲಿಯ ಯಂತ್ರಗಳನ್ನೇ ತಯಾರಿಸುತ್ತಿವೆ. ಯಂತ್ರ ಮಾಡುವವರು ಪೇಟೆಂಟ್ ಪಡೆಯುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲಿ ಬರೆದ ಬ್ಯಾಂಕಿಂಗ್ ತಂತ್ರಾಂಶವು ಜಗತ್ತಿನ ಎಷ್ಟೋ ದೇಶಗಳ ಬ್ಯಾಂಕುಗಳನ್ನು ನಡೆಸುತ್ತಿದೆ. ಅದನ್ನು ಅಮೆರಿಕಕ್ಕೆ ಮಾರುವಾಗ ಅಲ್ಲಿಯ ಪೇಟೆಂಟುಗಳಿಗೆ ತಲೆಬಾಗಲೇಬೇಕು. ಇಲ್ಲಿ ಮುಕ್ತ, ಅಲ್ಲಿ ಬಾಡಿಗೆ ಎಂಬ ಈ ಇಬ್ಬಂದಿಯನ್ನು ನೋಡಿಯೇ ಉದ್ಯಮದ ಕೆಲವರು 3(ಕೆ) ಸಡಿಲವಾಗಲಿ ಎನ್ನುತ್ತಾರೆ. ಸಡಿಲವಾದರೆ ಬಾಡಿಗೆ ಎರಡೂ ಕಡೆ ಬೀಳುತ್ತದೆ ಎಂಬುದು ಬ್ಯಾಂಕಿನವನ ಸಣ್ಣ ಲೆಕ್ಕ.

ಈ ಬಾಡಿಗೆ ಕಣ್ಣಿಗೆ ಕಾಣುವಂತೆ ಬರುವುದಿಲ್ಲ. ಬ್ಯಾಂಕುಗಳು ಯಂತ್ರಕ್ಕಾಗಲಿ ತಂತ್ರಾಂಶಕ್ಕಾಗಲಿ ಟೆಂಡರ್ ಕರೆಯುವಾಗ ಅದರಲ್ಲಿ ಒಂದು ಕಲಂ ಇದ್ದೇ ಇರುತ್ತದೆ: ಬೌದ್ಧಿಕ ಸ್ವಾಮ್ಯದ ಬಗ್ಗೆ ಯಾರಾದರೂ ದಾವೆ ಹೂಡಿದರೆ ನಷ್ಟವನ್ನು ಸರಬರಾಜುದಾರನೇ ಭರಿಸಬೇಕು. ಜಾಣ ಸರಬರಾಜುದಾರ ಆ ಅಪಾಯದ ಬೆಲೆಯನ್ನು ತನ್ನ ದರದಲ್ಲಿಯೇ ಸೇರಿಸಿರುತ್ತಾನೆ. ಎಟಿಎಂ, ಚಿಪ್ ಕಾರ್ಡು, ಕ್ಲಿಯರಿಂಗ್ ವ್ಯವಸ್ಥೆ, ಡಿಜಿಟಲ್ ಸಹಿ ಇವೆಲ್ಲದರ ಬೀಗಗಳನ್ನು ಮುಂದಿನ ವರ್ಷಗಳಲ್ಲಿ ಬದಲಿಸಬೇಕಾಗಿದೆ. ಆ ಟೆಂಡರುಗಳಲ್ಲಿ ಈ ಕಲಮಿನ ಬೆಲೆ ಎಷ್ಟಾಗುತ್ತದೆ ಎಂಬುದು ದ್ವಾರಕಾದ ಪರಿಶೀಲಕರು ಹೊಸ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು ಗೂಢಲಿಪಿಯ ಅರ್ಜಿಗಳ ಮೇಲೆ ಬರೆಯುವ ಷರಾಗಳನ್ನು ಅವಲಂಬಿಸಿದೆ.